ಕಂಪನಿಗಳು ಬಿಟ್ಟುಕೊಟ್ಟ ಕಂಪ್ಯೂಟರ್: ಮರುಮಾರಾಟದ ವ್ಯಾಪಾರ ಶುರುಮಾಡುವ ಬಗೆ

ಲೀಸ್ ಅವಧಿ ಮುಗಿದಾಗ, ಕಚೇರಿ ಬೇರೆಡೆಗೆ ಹೋದಾಗ ಅಥವಾ ಕಂಪನಿಯೇ ಬಾಗಿಲು ಹಾಕಿದಾಗ ಬೆಂಗಳೂರಿನ ಕಚೇರಿಗಳಿಂದ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್, ಮಾನಿಟರ್‌ಗಳು ಲಾಟ್‌ಗಟ್ಟಲೆ ಮಾರಾಟಕ್ಕೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಯಂತ್ರಗಳು ಇನ್ನೂ ವರ್ಷಗಟ್ಟಲೆ ದುಡಿಯಬಲ್ಲವು. ಡಿಗ್ರಿ ಓದುವ ಹುಡುಗಿಗೆ, ಊರಿನ ಝೆರಾಕ್ಸ್ ಅಂಗಡಿಗೆ, ತೆರಿಗೆ ರಿಟರ್ನ್ ತುಂಬುವ ಅಕೌಂಟೆಂಟ್‌ಗೆ ಅಂಥದ್ದೊಂದು ಧಾರಾಳವಾಗಿ ಸಾಕು. ಈ ವ್ಯಾಪಾರದ ಲಾಭ–ನಷ್ಟ ಬಹುಮಟ್ಟಿಗೆ ಮಾಲು ಕೊಳ್ಳುವ ಹೊತ್ತಿಗೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಕೊಳ್ಳುವ ವಿಚಾರವನ್ನೇ ಇಲ್ಲಿ ವಿವರವಾಗಿ ಹೇಳಿದ್ದೇನೆ.

ಮೊದಲು ಕಾಗದಪತ್ರ

ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುತ್ತದೆ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿಕೊಳ್ಳಿ. ಹೊರರಾಜ್ಯಕ್ಕೆ ಮಾಲು ಮಾರಲು ಅದು ಬೇಕೇ ಬೇಕು, ದೊಡ್ಡ ಕಂಪನಿಗಳೂ ಜಿಎಸ್‌ಟಿ ಸಂಖ್ಯೆ ಕೇಳುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ, ಹಳೆಯ ಉಪಕರಣಗಳನ್ನು ದುರಸ್ತಿ ಮಾಡಿ ಮಾರುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ದೊಡ್ಡ ಸಂಸ್ಥೆಗಳು ತಮ್ಮ ಇ-ತ್ಯಾಜ್ಯವನ್ನು ನೋಂದಾಯಿತರಿಗೆ ಮಾತ್ರ ಕೊಡಬೇಕೆಂಬ ಕಟ್ಟಳೆ ಇರುವುದರಿಂದ, ಈ ಪತ್ರವಿಲ್ಲದೆ ಅಲ್ಲಿ ನಿಮಗೆ ಮಾಲು ಸಿಗುವುದು ಕಷ್ಟ.

ಮಾಲು ಎಲ್ಲಿ ಸಿಗುತ್ತದೆ?

ಸರ್ಕಾರಿ ಮತ್ತು ಸಾರ್ವಜನಿಕ ಸಂಸ್ಥೆಗಳ ಹಳೆಯ ಸಾಮಾನು ಎಂಎಸ್‌ಟಿಸಿಯ ಇ-ಹರಾಜಿನಲ್ಲಿ ಬರುತ್ತದೆ. ದಿವಾಳಿಯಾದ ಕಂಪನಿಗಳ ಆಸ್ತಿಯನ್ನು 2016ರ ದಿವಾಳಿ ಸಂಹಿತೆಯಡಿ ಲಿಕ್ವಿಡೇಟರ್ ಹರಾಜು ಹಾಕುತ್ತಾರೆ. ಅದರ ಪ್ರಕಟಣೆಗಳು ಐಬಿಬಿಐ ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಇಂಥ ಹರಾಜಿಗೆ ಮುಂಗಡ ಠೇವಣಿ ಕಟ್ಟಬೇಕು, ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬ ಷರತ್ತಿಗೆ ಒಪ್ಪಬೇಕು, ಹೇಳಿದ ಗಡುವಿನೊಳಗೆ ಮಾಲು ಎತ್ತಬೇಕು. ಒಳ್ಳೆಯ ಲ್ಯಾಪ್‌ಟಾಪ್‌ಗಳ ಜೊತೆ ಕೆಟ್ಟ ಯುಪಿಎಸ್, ಮುರಿದ ಪ್ರಿಂಟರ್‌ಗಳೂ ಅದೇ ಲಾಟ್‌ನಲ್ಲಿರಬಹುದು. ಫೋಟೊ ನಂಬಿ ಬಿಡ್ ಹಾಕಬೇಡಿ, ಪರಿಶೀಲನೆಗೆ ಕೊಟ್ಟ ದಿನ ಹೋಗಿ ಕಣ್ಣಾರೆ ನೋಡಿ.

ಹೊಸಬರಿಗೆ ನನ್ನ ಸಲಹೆ ಬೇರೆ. ಹರಾಜಿಗೆ ಇಳಿಯುವ ಮುನ್ನ ಬೆಂಗಳೂರಿನ ಎಸ್‌.ಪಿ. ರಸ್ತೆಯ ಸಗಟು ವ್ಯಾಪಾರಿಗಳಿಂದ ಐದಾರು ಲ್ಯಾಪ್‌ಟಾಪ್ ಆರಿಸಿ ತಂದು ಮಾರಿ ನೋಡಿ. ಬೆಲೆ ಒಂದಿಷ್ಟು ಹೆಚ್ಚಾದರೂ ಪರವಾಗಿಲ್ಲ. ಯಾವ ಭಾಗ ಬೇಗ ಕೆಡುತ್ತದೆ, ಗಿರಾಕಿ ಏನು ಕೇಳುತ್ತಾರೆ ಎಂಬುದು ಕೈಗೆ ಹತ್ತುತ್ತದೆ.

ಹಣ ಕೊಡುವ ಮುನ್ನ

ಮೊದಲು ನೋಡಬೇಕಾದದ್ದು ಪ್ರೊಸೆಸರ್‌ನ ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು. ಮಾದರಿಯ ಹೆಸರು ಕೇಳಿ ತೃಪ್ತರಾಗಬೇಡಿ. ಥಿಂಕ್‌ಪ್ಯಾಡ್ ಟಿ480ಯಂಥ ಒಂದೇ ಮಾದರಿ ಏಳು ಮತ್ತು ಎಂಟು, ಎರಡೂ ತಲೆಮಾರಿನಲ್ಲಿ ಬಂದಿದೆ. ಪ್ರೊಸೆಸರ್ ಸಂಖ್ಯೆ ಓದಿ: ಐ5-7300ಯು ಏಳನೆಯದು, ಐ5-8350ಯು ಎಂಟನೆಯದು. ಏಳನೆಯದನ್ನು ಲಿನಕ್ಸ್ ಹಾಕಿ ಮಾರಬಹುದು, ಆದರೆ ಬೆಲೆ ಇಳಿಯುತ್ತದೆ.

ಎರಡನೆಯದು ಬೀಗ. ಬಯಾಸ್ ಪಾಸ್‌ವರ್ಡ್ ಇರುವ ಲ್ಯಾಪ್‌ಟಾಪ್ ಆನ್ ಆದರೂ ಉಪಯೋಗಕ್ಕೆ ಬಾರದಿರಬಹುದು. ಇನ್ನು ಕೆಲವು ಫಾರ್ಮ್ಯಾಟ್ ಆಗಿ ಇಂಟರ್‌ನೆಟ್‌ಗೆ ಸೇರಿದೊಡನೆ ಹಳೆಯ ಕಂಪನಿಯ ಲಾಗಿನ್ ಕೇಳುತ್ತವೆ. ಮ್ಯಾಕ್‌ಬುಕ್‌ಗಳಲ್ಲಿ ಆಕ್ಟಿವೇಶನ್ ಲಾಕ್ ಕಾಟ. ಕಂಪನಿ ತನ್ನ ವ್ಯವಸ್ಥೆಯಿಂದ ಆ ಯಂತ್ರವನ್ನು ತೆಗೆದುಹಾಕಿರಬೇಕು. ಆ ಮಾತನ್ನು ಬರವಣಿಗೆಯಲ್ಲೇ ಪಡೆಯಿರಿ.

ಮೂರನೆಯದು ಬಿಲ್. ಪ್ರತಿ ಯಂತ್ರದ ಸೀರಿಯಲ್ ನಂಬರ್ ಬಿಲ್‌ನಲ್ಲಿರಲಿ. ಕದ್ದ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ದುರುದ್ದೇಶದಿಂದ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್‌ನಡಿ 3 ವರ್ಷದವರೆಗೆ ಜೈಲಾಗಬಹುದು. ಬಿಲ್ ಇಲ್ಲದ ಮಾಲು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಹಿಂಜ್, ಕೀಬೋರ್ಡ್, ಬ್ಯಾಟರಿ ರಿಪೋರ್ಟ್, ಎಸ್‌ಎಸ್‌ಡಿ ಆರೋಗ್ಯ, ಬಿಳಿ ಪರದೆಯ ಮೇಲಿನ ಕಲೆ: ಇವನ್ನೂ ಅಲ್ಲೇ ನೋಡಿಕೊಳ್ಳಿ.

ಲೆಕ್ಕ

ಉದಾಹರಣೆಗೆ, ತಲಾ 12,000 ರೂಪಾಯಿಯಂತೆ 20 ಲ್ಯಾಪ್‌ಟಾಪ್ ಕೊಂಡಿರಿ ಎನ್ನಿ. ಒಟ್ಟು 2,40,000. ಅದರಲ್ಲಿ ಮೂರು ಬಿಡಿಭಾಗಕ್ಕಷ್ಟೇ ಆದರೆ, ಉಳಿದ 17ರ ಅಸಲು ತಲಾ 14,100 ದಾಟುತ್ತದೆ. ಬ್ಯಾಟರಿ, ಚಾರ್ಜರ್, ಸಾಗಣೆಗೆಂದು ತಲಾ 2,000 ಸೇರಿಸಿದರೆ 16,100. ಬಿಡ್ ಹಾಕುವಾಗ ಮನಸ್ಸಿನಲ್ಲಿರಬೇಕಾದ ಅಂಕಿ ಇದು. ತೆರಿಗೆಯಲ್ಲಿ ಒಂದು ಅನುಕೂಲವಿದೆ: ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ ಪಡೆಯದಿದ್ದರೆ, ಹಳೆಯ ವಸ್ತುಗಳಿಗೆ ಕೊಂಡ ಮತ್ತು ಮಾರಿದ ಬೆಲೆಗಳ ವ್ಯತ್ಯಾಸದ ಮೇಲಷ್ಟೇ ಜಿಎಸ್‌ಟಿ ಕಟ್ಟಬಹುದು. ಎರಡರಲ್ಲಿ ಯಾವುದು ಲಾಭವೆಂದು ಲೆಕ್ಕಪರಿಶೋಧಕರ ಜೊತೆ ಕೂತು ನೋಡಿ.

ಅಳಿಸುವುದು, ಮಾರುವುದು

ಡಿಸ್ಕ್‌ನಲ್ಲಿ ಯಾರದೋ ಸಂಬಳದ ಚೀಟಿ, ಆಸ್ಪತ್ರೆಯ ವರದಿ ಉಳಿದಿರಬಹುದು. ಅದನ್ನು ತೆರೆದು ನೋಡುವುದೂ ತಪ್ಪು. ಬರೀ ಫಾರ್ಮ್ಯಾಟ್ ಸಾಲದು: ಹಾರ್ಡ್‌ಡಿಸ್ಕ್‌ ಆದರೆ ಪೂರ್ತಿ ಓವರ್‌ರೈಟ್ ಮಾಡಬೇಕು, ಎಸ್‌ಎಸ್‌ಡಿ ಆದರೆ ತಯಾರಕರ ಸುರಕ್ಷಿತ ಅಳಿಸುವಿಕೆಯ ಸೌಲಭ್ಯ ಬಳಸಬೇಕು. ಸೀರಿಯಲ್ ನಂಬರ್ ಸಹಿತ ಪ್ರಮಾಣಪತ್ರವನ್ನು ಮಾಲು ಕೊಟ್ಟ ಕಂಪನಿಗೆ ಕಳಿಸಿ. ಮುಂದಿನ ಲಾಟ್‌ಗೆ ಅವರು ನಿಮ್ಮನ್ನೇ ಕರೆಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಮಾರುವಾಗ ‘ಬಳಸಿದ್ದು, ದುರಸ್ತಿಯಾಗಿದೆ’ ಎಂದು ಬಿಲ್‌ನಲ್ಲೇ ಬರೆಯಿರಿ. ಗೀರು, ಬ್ಯಾಟರಿಯ ಸ್ಥಿತಿ ಮೊದಲೇ ತೋರಿಸಿ. ಕಳ್ಳ ಸಾಫ್ಟ್‌ವೇರ್ ಬೇಡ. ಲಿಬ್ರೆ ಆಫೀಸ್ ಜೊತೆ ನುಡಿ ಹಾಕಿ ಕೊಟ್ಟರೆ ಕನ್ನಡ ಟೈಪಿಂಗ್ ಮಾಡುವವರಿಗೆ ಮೊದಲ ದಿನವೇ ಕೆಲಸ ಶುರು. ತಿಂಗಳೋ ಮೂರು ತಿಂಗಳೋ, ನಿಭಾಯಿಸಬಲ್ಲಷ್ಟೇ ವಾರಂಟಿ ಕೊಡಿ. ಆ ಅವಧಿಯಲ್ಲಿ ಬದಲಿಸಿಕೊಡಲು ಒಂದೆರಡು ಯಂತ್ರಗಳನ್ನು ಮಾರದೆ ಇಟ್ಟುಕೊಂಡಿರಿ.

ಉಬ್ಬಿದ ಬ್ಯಾಟರಿಗಳನ್ನು ಅಂಗಡಿಯಲ್ಲಿ ರಾಶಿ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅವನ್ನೂ ಸತ್ತ ಬೋರ್ಡ್‌ಗಳನ್ನೂ ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು, ರಸೀದಿ ಫೈಲ್‌ಗೆ ಸೇರಿಸಿ.