ಎದುರಾಳಿ ರೋಬೋಟನ್ನು ಓದುವ ಸೂತ್ರಗಳು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಿಂದ ರೋಬೋಟ್ ಸ್ಪರ್ಧೆಗೆ ಹೊರಡುವ ಮಕ್ಕಳ ಎದುರಿಗೆ ದೊಡ್ಡ ನಗರಗಳ ತಂಡಗಳಿರುತ್ತವೆ. ದುಬಾರಿ ಮೋಟಾರು, ಹೆಚ್ಚುವರಿ ಸೆನ್ಸರು ಅವರ ಬಳಿ ಇರಬಹುದು. ಆದರೆ ಬೇರೆ ತಂಡಗಳ ಆಟ ನೋಡಿ ಬರೆದುಕೊಳ್ಳುವ ಸ್ಕೌಟಿಂಗ್‌ಗೆ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಸಾಕು. ಇದರಲ್ಲಿ ನಮ್ಮ ಮಕ್ಕಳು ಯಾರಿಗೂ ಹಿಂದೆ ಬೀಳಬೇಕಿಲ್ಲ.

1. ಮೊದಲು ನಿಯಮ ಓದಿ. ಫಸ್ಟ್ ಸಂಸ್ಥೆಯ ರೋಬೋಟ್ ಸ್ಪರ್ಧೆಯಾದ ಫಸ್ಟ್ ಟೆಕ್ ಚಾಲೆಂಜ್‌ನಲ್ಲಿ ಮೊದಲ 30 ಸೆಕೆಂಡು ರೋಬೋಟ್ ತನ್ನ ಪ್ರೋಗ್ರಾಂ ಬಲದಿಂದಲೇ ಓಡಬೇಕು. ಆಮೇಲಿನ 2 ನಿಮಿಷ ಚಾಲಕರ ಕೈಯಲ್ಲಿ. ಎರಡಕ್ಕೂ ಬೇರೆ ಬೇರೆ ಕಾಲಂ ಹಾಕಿ.

2. ಒಬ್ಬರಿಗೆ ಒಂದೇ ರೋಬೋಟ್. ಅಂಕಣದಲ್ಲಿ ನಾಲ್ಕಿದ್ದರೆ ನಾಲ್ವರು ಕೂರಲಿ. ತಂಡದ ಕಿರಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

3. "ಚೆನ್ನಾಗಿದೆ" ಎಂದು ಬರೆಯಬೇಡಿ. ಎಷ್ಟು ಸಲ ಯತ್ನಿಸಿತು, ಎಷ್ಟು ಗುರಿ ಮುಟ್ಟಿತು, ಎಲ್ಲಿ ನಿಂತುಹೋಯಿತು ಎಂದು ಬರೆಯಿರಿ.

4. ಸೋಲುವ ರೀತಿ ನೋಡಿ. ಹಳಿಯಾಳ ಕುಸ್ತಿಯ ಊರು. ಪೈಲ್ವಾನ ತನ್ನ ಸರದಿಗೆ ಮುಂಚೆ ಎದುರಾಳಿಯ ಕುಸ್ತಿ ನೋಡುವಾಗ ಅವನ ತೋಳಿನ ಗಾತ್ರ ಅಳೆಯುವುದಿಲ್ಲ. ಯಾವ ಕಾಲು ಮುಂದಿಡುತ್ತಾನೆ, ದಣಿದಾಗ ಯಾವ ಪಟ್ಟಿಗೆ ಮರಳುತ್ತಾನೆ ಎಂದು ನೋಡುತ್ತಾನೆ. ರೋಬೋಟಿಗೂ ಅಂಥ ಚಾಳಿಗಳಿವೆ. ಚಾಲಕ ಪ್ರತಿ ಸಲ ಎಡಗಡೆಯಿಂದಲೇ ಮರಳಬಹುದು. ಬ್ಯಾಟರಿ ಇಳಿದಾಗ ತೋಳು ಮೇಲೇರದೆ ತಡವರಿಸಬಹುದು. ಡಿಕ್ಕಿಯಾದೊಡನೆ ವೈರು ಸಡಿಲಾಗಬಹುದು. ಒಂದೇ ಪಂದ್ಯ ನೋಡಿ ತೀರ್ಮಾನಿಸಬೇಡಿ, ಎರಡು ಮೂರಾದರೂ ನೋಡಿ.

5. ತಂಡಗಳು ರೋಬೋಟ್ ಸಿದ್ಧಪಡಿಸುವ ಜಾಗಕ್ಕೆ, ಅಂದರೆ ಪಿಟ್‌ಗೆ ಹೋಗಿ ನೇರವಾಗಿ ಕೇಳಿ. ಕದ್ದು ನೋಡುವ ಅಗತ್ಯವಿಲ್ಲ. ಫಸ್ಟ್ ಸ್ಪರ್ಧೆಗಳಲ್ಲಿ ತಂಡಗಳು ತಮ್ಮ ಯಂತ್ರವನ್ನು ಖುಷಿಯಿಂದ ವಿವರಿಸುತ್ತವೆ. ಅವರ ಮಾತು ಅಂಕಣದಲ್ಲಿ ಕಂಡದ್ದಕ್ಕೆ ಹೊಂದದಿದ್ದರೆ ಅಂಕಣವನ್ನೇ ನಂಬಿ.

6. ಇವತ್ತಿನ ಎದುರಾಳಿಯೇ ನಾಳೆಯ ಜೊತೆಗಾರ. ನನ್ನ ಮಟ್ಟಿಗೆ ಸ್ಕೌಟಿಂಗ್‌ನ ತಿರುಳು ಇಲ್ಲಿದೆ. ಫಸ್ಟ್ ಟೆಕ್ ಚಾಲೆಂಜ್‌ನ ಅರ್ಹತಾ ಸುತ್ತಿನಲ್ಲಿ ಯಾವ ತಂಡ ಯಾವ ತಂಡದ ಜೊತೆ ಸೇರಿ ಆಡಬೇಕು ಎಂಬುದನ್ನು ವೇಳಾಪಟ್ಟಿಯೇ ನಿರ್ಧರಿಸುತ್ತದೆ. ಅದು ಮುಗಿದ ಮೇಲೆ ಮೇಲಿನ ಸ್ಥಾನದ ತಂಡಗಳು ನಾಯಕರಾಗಿ ತಮ್ಮ ಜೊತೆಗಾರರನ್ನು ಆರಿಸುತ್ತವೆ. ಆಗ ಹೆಸರಾಂತ ತಂಡದ ಹಿಂದೆ ಓಡಬೇಡಿ. ನಿಮ್ಮ ರೋಬೋಟಿಗೆ ಬಾರದ ಕೆಲಸವನ್ನು ತಪ್ಪದೆ ಮಾಡುವ, ನಿಮ್ಮ ದಾರಿಗೆ ಅಡ್ಡ ಬರದ ಯಂತ್ರ ಯಾವುದೆಂದು ನಿಮ್ಮ ಹಾಳೆ ಹೇಳುತ್ತದೆ. ನೀವು ನಾಯಕರಲ್ಲದಿದ್ದರೂ ಆ ಹಾಳೆ ಹಿಡಿದು ನಾಯಕರ ಬಳಿ ಹೋಗಿ, ನಿಮ್ಮ ಅಂಕಿಗಳನ್ನು ತೋರಿಸಿ.

7. ಕಾಗದವೇ ಇರಲಿ. ಫಸ್ಟ್ ಸ್ಪರ್ಧೆಯ ಸ್ಥಳದಲ್ಲಿ ತಂಡಗಳು ಸ್ವಂತ ವೈಫೈ ಹಾಕುವಂತಿಲ್ಲ. ನೆಟ್‌ವರ್ಕ್ ಸಿಗದ ಜೋಯಿಡಾದ ಹಳ್ಳಿಗಳ ಮಕ್ಕಳಿಗೆ ವೈಫೈ ಇಲ್ಲದೆ ಕೆಲಸ ಮಾಡುವುದೇನೂ ಹೊಸದಲ್ಲ.

8. ಸ್ಪರ್ಧೆಗೆ ತಕ್ಕ ನೋಟ. ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನ ರೋಬೋಮಿಷನ್‌ನಲ್ಲಿ ಅಡ್ಡಗಟ್ಟುವ ಎದುರಾಳಿಯಿಲ್ಲ, ಅಲ್ಲಿ ಬರೆದುಕೊಳ್ಳಬೇಕಾದ್ದು ಅಂಕ ಮತ್ತು ಸಮಯವಷ್ಟೇ. ಹಳಿಯಾಳದ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಸಂಸ್ಥೆಯಂಥ ಕಾಲೇಜಿನ ವಿದ್ಯಾರ್ಥಿಗಳು ಕಾಲೇಜು ತಂಡಗಳ ಸ್ಪರ್ಧೆಯಾದ ರೋಬೋಕಾನ್‌ನ ಹಳೆಯ ವಿಡಿಯೊ ನೋಡಲಿ. 2002ರಲ್ಲಿ ಶುರುವಾದ ಆ ಸ್ಪರ್ಧೆಯ ವಿಷಯ ವರ್ಷವರ್ಷ ಬದಲಾಗುತ್ತದೆ, ಆದರೆ ಹಿಡಿಯುವ, ಎಸೆಯುವ ಯಂತ್ರತಂತ್ರಗಳು ಮತ್ತೆ ಮತ್ತೆ ಬರುತ್ತವೆ.

9. ಚಾಲಕರಿಗೆ ಮೂರೇ ಮಾತು. ಪಂದ್ಯಕ್ಕೆ ಮುಂಚೆ ಇಡೀ ಹಾಳೆ ಓದಿ ಅವರ ತಲೆ ತುಂಬಬೇಡಿ. ಎದುರಾಳಿ ಎಲ್ಲಿಂದ ಬರುತ್ತಾನೆ, ಯಾವುದರಲ್ಲಿ ನಿಧಾನ, ಜೊತೆಗಾರನಿಗೆ ಯಾವ ಕೆಲಸ ಬಿಡಬೇಕು, ಅಷ್ಟು ಹೇಳಿ.

10. ಅಭ್ಯಾಸ ಊರಲ್ಲೇ ಆಗಲಿ. ಪಂದ್ಯದ ವಿಡಿಯೊ ಹಾಕಿ, ಇಬ್ಬರು ಬೇರೆ ಬೇರೆ ಕೂತು ಬರೆಯಲಿ. ಇಬ್ಬರ ಲೆಕ್ಕ ಹೊಂದದ ಕಾಲಂ ಯಾವುದೋ ಅದನ್ನು ತಿದ್ದಿ, ಮತ್ತೆ ಅದೇ ವಿಡಿಯೊ ಹಾಕಿ.