ಪ್ವಾತು ಕತ್ತೆ: ಅಳಿವಿನ ಅಂಚಿನಿಂದ ಮರಳಿದ ದೊಡ್ಡ ತಳಿ

ನಮ್ಮಲ್ಲಿ ಬಟ್ಟೆಮೂಟೆ, ಇಟ್ಟಿಗೆ ಹೊರುವ ಕತ್ತೆಯ ಎತ್ತರ ಹೆಗಲಿನ ಬಳಿ ಸುಮಾರು ಒಂದು ಮೀಟರ್. ಫ್ರಾನ್ಸಿನ ಪಶ್ಚಿಮ ಭಾಗದ ಪ್ವಾತು ಪ್ರಾಂತದ ಗಂಡುಕತ್ತೆಯಾದರೋ 140ರಿಂದ 150 ಸೆಂಟಿಮೀಟರ್ ಬೆಳೆಯುತ್ತದೆ. ತಲೆ ದೊಡ್ಡದು, ಮೂಳೆ ದಪ್ಪ, ಕಿವಿ ಬಹಳ ಉದ್ದ. ಮೈಬಣ್ಣ ಕಂದು ಇಲ್ಲವೆ ಕಡುಗಂದು. ಮೂತಿ ಮತ್ತು ಕಣ್ಣಿನ ಸುತ್ತ ಬಿಳಿಛಾಯೆ. ನಮ್ಮ ಕತ್ತೆಗಳ ಹೆಗಲ ಮೇಲೆ ಕಾಣುವ ಅಡ್ಡಪಟ್ಟೆ ಇದಕ್ಕಿಲ್ಲ. ಮೈತುಂಬ ಉದ್ದ ಕೂದಲು. ಹಿಂದೆ ಅದನ್ನು ಬಾಚದೆ, ಕತ್ತರಿಸದೆ ಜಡೆಗಟ್ಟಲು ಬಿಡುತ್ತಿದ್ದರು. ಜೋಲುವ ಜಡೆಯೇ ಉತ್ತಮ ತಳಿಯ ಗುರುತೆಂಬ ನಂಬಿಕೆ ಇತ್ತು. ಚರ್ಮದ ಆರೋಗ್ಯಕ್ಕೆ ಇದು ಒಳ್ಳೆಯ ಪದ್ಧತಿಯಲ್ಲ.

ಇಷ್ಟು ದೊಡ್ಡ ಕತ್ತೆಯನ್ನು ಸಾಕಿದ್ದು ಭಾರ ಹೊರಿಸಲಿಕ್ಕಲ್ಲ, ಹೇಸರಗತ್ತೆ ಪಡೆಯಲಿಕ್ಕೆ. ಗಂಡುಕತ್ತೆಯನ್ನು ಆ ಪ್ರಾಂತದ ಭಾರಿ ಮೈಕಟ್ಟಿನ ಹೆಣ್ಣುಕುದುರೆಗೆ ಕೂಡಿಸುತ್ತಿದ್ದರು. ಹುಟ್ಟಿದ ಹೇಸರಗತ್ತೆಗೆ ನೇಗಿಲಿನಲ್ಲೂ ಗಾಡಿಯಲ್ಲೂ ಬಹಳ ಬೇಡಿಕೆ ಇತ್ತು. ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳಿದ್ದು, ಹೇಸರಗತ್ತೆಗೆ 63 ಬರುತ್ತವೆ. ಆದುದರಿಂದ ಅದು ಸಾಮಾನ್ಯವಾಗಿ ಬಂಜೆ. ಹೇಸರಗತ್ತೆ ಬೇಕೆಂದಾಗಲೆಲ್ಲ ಕತ್ತೆ ಮತ್ತು ಕುದುರೆ ಎರಡೂ ಬೇಕೇ ಬೇಕು. ತಳಿಯ ವಂಶಾವಳಿ ಪುಸ್ತಕವನ್ನು 1884ರಲ್ಲಿ ತೆರೆಯಲಾಯಿತು.

ಟ್ರ್ಯಾಕ್ಟರ್, ಲಾರಿಗಳು ಬಂದ ಮೇಲೆ ಹೇಸರಗತ್ತೆಯನ್ನು ಕೇಳುವವರಿಲ್ಲವಾದರು. ಇದೊಂದೇ ಕೆಲಸಕ್ಕಾಗಿ ಸಾಕಿದ್ದ ಕತ್ತೆಗೆ ಬೇರೆ ಆಸರೆ ಇರಲಿಲ್ಲ. 1977ರಲ್ಲಿ ಎಣಿಸಿದಾಗ ಉಳಿದಿದ್ದವು 44 ಮಾತ್ರ.

ಆ 44ರಲ್ಲೇ ಮತ್ತೆ ಮತ್ತೆ ಕೂಡಿಸಿದರೆ ರಕ್ತಸಂಬಂಧ ಹತ್ತಿರವಾಗಿ ಫಲವಂತಿಕೆ ಕುಗ್ಗುವ ಭಯವಿತ್ತು. ಹೆಣ್ಣುಕತ್ತೆ ಗಬ್ಬ ಹೊರುವುದೇ ಸುಮಾರು ಒಂದು ವರ್ಷ. ಆದ್ದರಿಂದ ಶುದ್ಧ ಸಂತಾನದ ಜೊತೆಗೆ ಇನ್ನೊಂದು ದಾರಿಯನ್ನೂ ಹಿಡಿದರು. ಪೋರ್ಚುಗಲ್ ದೇಶದಿಂದ ದೊಡ್ಡ ಹೆಣ್ಣುಕತ್ತೆಗಳನ್ನು ತಂದು ಪ್ವಾತು ಗಂಡಿಗೆ ಕೂಡಿಸಿದರು. ಹುಟ್ಟಿದ ಹೆಣ್ಣುಮರಿಯಲ್ಲಿ ಪ್ವಾತು ರಕ್ತ ಅರ್ಧಪಾಲು. ಅದು ಬೆಳೆದ ಮೇಲೆ ಮತ್ತೆ ಶುದ್ಧ ಪ್ವಾತು ಗಂಡಿಗೇ ಕೂಡಿಸಿದರೆ ಮುಕ್ಕಾಲುಪಾಲು. ಮುಂದಿನ ತಲೆಮಾರಿಗೆ ಶೇಕಡಾ 87.5. ಹೀಗೆ ಏಳನೆಯ ತಲೆಮಾರಿಗೆ 128ರಲ್ಲಿ 127 ಪಾಲು, ಅಂದರೆ ಶೇಕಡಾ 99ಕ್ಕೂ ಮೇಲು. ಒಂದು ತಲೆಮಾರಿಗೆ ನಾಲ್ಕು ವರ್ಷವೆಂದರೂ ಇಪ್ಪತ್ತೆಂಟು ವರ್ಷದ ಕೆಲಸ! ಶುದ್ಧ ಮತ್ತು ಮಿಶ್ರ ಸಂತಾನಗಳನ್ನು ಬೇರೆ ಬೇರೆ ಪುಸ್ತಕಗಳಲ್ಲಿ ದಾಖಲಿಸಲಾಗುತ್ತದೆ.

ನಾಟಿ ಎಮ್ಮೆಗೆ ತಲೆಮಾರು ತಲೆಮಾರಿಗೂ ಮುರ್ರಾ ಕೋಣವನ್ನು ಕೂಡಿಸಿ ತಳಿ ಸುಧಾರಿಸುವಾಗಲೂ ಇದೇ ಲೆಕ್ಕ. ನಡುವೆ ಒಮ್ಮೆ ಊರಿನ ನಾಟಿ ಕೋಣ ಕೂಡಿತೆಂದರೆ ಮುಕ್ಕಾಲುಪಾಲು ಏರಿದ್ದ ಎಮ್ಮೆಯ ಕರುವಿನಲ್ಲಿ ಮುರ್ರಾ ರಕ್ತ ಅರ್ಧಕ್ಕೂ ಕೆಳಗಿಳಿಯುತ್ತದೆ. ಯಾವ ಎಮ್ಮೆಗೆ, ಯಾವ ದಿನ, ಯಾವ ಕೋಣ ಎಂಬುದನ್ನು ರೈತರು ಅಂದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.