ಅರ್ಧಕ್ಕೇ ನಿಂತ ಇಸಿಯು ಪ್ರೋಗ್ರಾಮಿಂಗ್

ನಿಮ್ಮ ಪತ್ರದಲ್ಲೇ ಸುಳಿವಿದೆ. ಶುರುವಿನಲ್ಲಿ ಬ್ಯಾಟರಿಯಲ್ಲಿ 12.6 ವೋಲ್ಟ್ ಇತ್ತು, ಅರ್ಧಕ್ಕೆ ಬರುವಷ್ಟರಲ್ಲಿ ‘ಲೋ ವೋಲ್ಟೇಜ್’ ಎಂದು ನಿಂತಿತು. ಎಂಜಿನ್ ಆಫ್, ಇಗ್ನಿಷನ್ ಆನ್ ಇರುವಾಗ ಆಲ್ಟರ್ನೇಟರ್‌ನಿಂದ ಏನೂ ಬರುವುದಿಲ್ಲ, ಭಾರವೆಲ್ಲ ಬ್ಯಾಟರಿಯದೇ. ಎಷ್ಟೋ ಕಾರುಗಳಲ್ಲಿ ಪ್ರೋಗ್ರಾಮಿಂಗ್ ಶುರುವಾದ ಕೂಡಲೇ ರೇಡಿಯೇಟರ್ ಫ್ಯಾನ್ ತಾನಾಗಿ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಹಳೆಯ ಬ್ಯಾಟರಿ ಅದನ್ನು ತಾಳದು.

ಮಾಮೂಲಿ ಚಾರ್ಜರ್ ಹಾಕಿದ್ದೆ ಎಂದಿದ್ದೀರಿ. ದಯವಿಟ್ಟು ಅದು ಬೇಡವೇ ಬೇಡ, ಅದರ ವೋಲ್ಟೇಜ್ ಏರಿಳಿಯುತ್ತದೆ. ಪ್ರೋಗ್ರಾಮಿಂಗ್‌ಗೆಂದೇ ಸಿಗುವ ಸ್ಥಿರ ಪವರ್ ಸಪ್ಲೈ ಜೋಡಿಸಿ ಸುಮಾರು 13.5 ವೋಲ್ಟ್‌ಗೆ ಇಡಿ. ಕಾರಿನ ಕಂಪನಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹೆಡ್‌ಲೈಟ್, ಎಸಿ, ಬ್ಲೋಯರ್ ಆಫ್ ಇರಲಿ.

ಇಷ್ಟಾದರೂ ತೊಂದರೆ ಹೋಗದಿದ್ದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಬ್ಯಾಟರಿಯಲ್ಲಿ ವೋಲ್ಟೇಜ್ ಸರಿಯಿದ್ದು, ಓಬಿಡಿ ಸಾಕೆಟ್‌ನ 16 ಮತ್ತು 4ನೇ ಪಿನ್‌ಗಳ ನಡುವೆ ಅರ್ಧ ವೋಲ್ಟ್ ಕಡಿಮೆ ಬಂದರೆ ವೈರಿಂಗ್, ಫ್ಯೂಸ್ ಇಲ್ಲವೇ ಅರ್ಥಿಂಗ್ ನೋಡಬೇಕು. ನನ್ನ ಗುಮಾನಿ ಅರ್ಥಿಂಗ್ ಮೇಲೆಯೇ. ಲೋಡ್ ಇರುವಾಗ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ ಅಳೆಯಿರಿ. 0.2 ವೋಲ್ಟ್ ದಾಟಿದರೆ ಅರ್ಥ್ ಸ್ಟ್ರಾಪ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ.

ಹೊಸ ಇಸಿಯು ಈಗಲೇ ಕೊಳ್ಳಬೇಡಿ. ಪ್ರೋಗ್ರಾಮಿಂಗ್ ಅರ್ಧಕ್ಕೆ ನಿಂತರೂ ಅದರೊಳಗಿನ ಬೂಟ್‌ಲೋಡರ್ ಸಾಮಾನ್ಯವಾಗಿ ಉಳಿದಿರುತ್ತದೆ. ವೋಲ್ಟೇಜ್ ಸ್ಥಿರವಾದ ಮೇಲೆ ರಿಕವರಿ ಮೋಡ್‌ನಲ್ಲಿ ಅದೇ ಫೈಲನ್ನು ಮತ್ತೆ ಹಾಕಿ ನೋಡಿ.